ಹುಳಕ್ಕೆ ಇರೋ ಮರ್ಯಾದೆ ನಮ್ಮ ತಟ್ಟೆಗೂ ಇರಲಿ

ಬಿಸಿಲು ಏರ್ತಾ ಇದೆ. ರಾತ್ರಿ ಬಿಸಿ ಮುದ್ದೆ, ಬಿಸಿ ಸಾರು ಇಟ್ರೆ ಮಕ್ಕಳು ಮುಖ ತಿರುಗಿಸ್ತಾರೆ. ಇಂಥ ಹೊತ್ತಿಗೆ ಹಸಿ ಸೊಪ್ಪಿನ ಕೋಸಂಬರಿಗಿಂತ ತಂಪಾದ್ದು ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಪೇಟೆಯವರು ಇಂಥದ್ದನ್ನೇ ಸಲಾಡ್ ಅಂತ ಕರೆದು ಹೋಟೆಲಲ್ಲಿ ದುಡ್ಡು ಸುರೀತಾರೆ. ನಾವು ರಾಮನವಮಿ ದಿನ ಪಾನಕದ ಜೊತೆ ಒಂದು ಹಿಡಿ ತಿಂದು, ಮುಂದಿನ ಹಬ್ಬದವರೆಗೆ ಮರೆತುಬಿಡ್ತೀವಿ.

ಆದರೆ ಹಸಿ ತಿನ್ನಿ ಅನ್ನೋಕೆ ಮುಂಚೆ ಒಂದು ಮಾತು ಆಡಲೇಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ತಾಲ್ಲೂಕಿಗೆ ಹೋದ್ರೂ ರೇಷ್ಮೆ ಹುಳ ಮೇಯಿಸೋರು ಸಿಗ್ತಾರೆ. ಹುಳಕ್ಕೆ ಹಾಕೋ ಸೊಪ್ಪಿನ ವಿಚಾರದಲ್ಲಿ ನಮ್ಮ ಶಿಸ್ತು ನೋಡಿ. ಔಷಧಿ ಹೊಡೆದ್ರೆ ಇಂತಿಷ್ಟು ದಿನ ಆಗೋವರೆಗೆ ಒಂದು ಕಡ್ಡಿ ಕೊಯ್ಯಲ್ಲ. ಪಕ್ಕದ ಮಾವಿನ ತೋಪಿನೋರು ಔಷಧಿ ಹೊಡೆದ್ರೆ ಗಾಳಿ ಯಾವ ಕಡೆ ಅಂತ ನೋಡಿ ಜಗಳಕ್ಕೇ ಹೋಗ್ತೀವಿ. ಕೈಕಾಲು ತೊಳೀದೆ ಹುಳದ ಮನೆಗೆ ಯಾರನ್ನೂ ಬಿಡಲ್ಲ. ಅದೇ ಸೌತೆ, ಕೊತ್ತಂಬರಿ ಮಡಿಗೆ ಬಂದ್ರೆ? ಎಲ್ಲರೂ ಅಂತಲ್ಲ, ಆದ್ರೆ ನಿನ್ನೆ ಸಂಜೆ ಹೊಡೆದು ಇವತ್ತು ಬೆಳಿಗ್ಗೆ ಕಟ್ಟು ಕಟ್ಟಿ ಮಾರ್ಕೆಟ್ಟಿಗೆ ಕಳಿಸೋರು ಇದ್ದಾರೆ. ಉಳಿದ ಎರಡು ಕಟ್ಟು ಅವರ ಅಡುಗೆ ಮನೆಗೇ ಹೋಗುತ್ತೆ. ಹುಳ ಸತ್ರೆ ಕಣ್ಣೆದುರಿಗೇ ಕಾಣುತ್ತೆ, ನಮ್ಮ ಮೈಯಲ್ಲಿ ಆಗೋದು ಬೇಗ ಕಾಣಲ್ಲ. ಅದಕ್ಕೇ ಈ ಸಲಿಗೆ.

ನಾನು ಹೇಳೋದು ಇಷ್ಟೇ. ಮನೆ ಊಟಕ್ಕೆ ಅಂತ ಎರಡು ಮಡಿ ಬೇರೆ ಇಟ್ಕೊಳ್ಳಿ, ಅದಕ್ಕೆ ಔಷಧಿ ಬೇಡ. ತೆಂಗು, ಬಾಳೆಯ ಅರೆನೆರಳಲ್ಲಿ ಇರಲಿ. ಬಿಸಿಲಿಗೆ ಕೊತ್ತಂಬರಿ ಬೇಗ ಹೂ ಕಟ್ಟುತ್ತೆ. ಬೀಜ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಮೆಂತ್ಯ 20–25 ದಿನಕ್ಕೆ ಎಳೆದಾಗಿ ಸಿಗುತ್ತೆ, ವಾರಕ್ಕೊಂದ್ಸಲ ಒಂದು ಹಿಡಿ ಹಾಕ್ತಾ ಇದ್ರೆ ಬೇಸಿಗೆ ಪೂರ್ತಿ ಸಾಕು. ಸಾವಯವ ಮಾಡೋರಿಗೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ: ಹಸಿ ತಿನ್ನೋ ಎಲೆ ಮೇಲೆ ಜೀವಾಮೃತ ಎರಚಬೇಡಿ. ಅದರಲ್ಲಿರೋದು ಹಸಿ ಸಗಣಿ. ಬಿತ್ತೋಕೆ ಮುಂಚೆ ಚೆನ್ನಾಗಿ ಕಳಿತ ಗೊಬ್ಬರ ಮಣ್ಣಿಗೆ ಸೇರಿಸಿದ್ರೆ ಆಯ್ತು.

ಇನ್ನು ನೀರು. ವೃಷಭಾವತಿ ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಎಲ್ಲಾ ಹೊತ್ಕೊಂಡು ಬೈರಮಂಗಲ ಕೆರೆಗೆ ಬಂದು, ಮುಂದೆ ಅರ್ಕಾವತಿ ಸೇರುತ್ತೆ. ಆ ನೀರು ಹರಿದ ಮಡಿಯ ಸೊಪ್ಪು ಹಸಿ ತಿನ್ನಲೇಬೇಡಿ. ಉಪ್ಪು ನೀರಲ್ಲಿ ಎಷ್ಟು ತೊಳೆದ್ರೂ ಬೇರಿನಿಂದ ಒಳಗೆ ಹೋದ ವಿಷ ಹೋಗಲ್ಲ. ಆ ಭಾಗದ ರೈತರದ್ದು ಇದರಲ್ಲಿ ತಪ್ಪೇನೂ ಇಲ್ಲ, ಪಟ್ಟಣ ಕಳಿಸಿದ ನೀರು ಅದು. ಅಂಥೋರು ಬೇರೆ ಮಣ್ಣು ತಂದು ನಾಲ್ಕು ಕುಂಡದಲ್ಲಿ ಕುಡಿಯೋ ನೀರು ಹಾಕಿ ಬೆಳ್ಕೊಳ್ಳೋದೇ ವಾಸಿ.

ಮಾಡೋದು ಸುಲಭ. ನಾಲ್ಕು ಜನಕ್ಕೆ ಅರ್ಧ ಲೋಟ ಹೆಸರುಬೇಳೆ ಒಂದು ಗಂಟೆ ನೆನೆಸಿ ನೀರು ಬಸಿದು ಇಡಿ. ಎರಡು ಸೌತೆಕಾಯಿ ಸಣ್ಣಗೆ ಹೆಚ್ಚಿ, ಕಹಿ ಇದೆಯಾ ಮೊದಲೇ ನೋಡ್ಕೊಳ್ಳಿ. ಎಳೆ ಮೆಂತ್ಯ ಒಂದು ಹಿಡಿ, ಕೊತ್ತಂಬರಿ ಎರಡು ಹಿಡಿ, ನಾಲ್ಕೈದು ಪುದೀನ ಎಲೆ, ಹಸಿಮೆಣಸಿನಕಾಯಿ, ತೆಂಗಿನ ತುರಿ. ಕಳೆನಾಶಕ ಕಾಣದ ಬದುವಿದ್ರೆ ಗೋಣಿ ಸೊಪ್ಪಿನ ಎಳೆ ಕುಡಿ ಸ್ವಲ್ಪ ಸೇರಿಸಿ, ಸಣ್ಣ ಹುಳಿ ಬರುತ್ತೆ. ಬೇಸಿಗೇಲಿ ನಿಂಬೆಹಣ್ಣಿನ ರೇಟು ನಿಮಗೇ ಗೊತ್ತು. ತೋತಾಪುರಿ ಕಾಯಿ ಸಿಪ್ಪೆ ತೆಗೆದು ತುರಿದು ಹಾಕಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಉಪ್ಪು ಮಾತ್ರ ಬಡಿಸೋ ಹೊತ್ತಿಗೆ ಹಾಕಿ, ಮೊದಲೇ ಹಾಕಿದ್ರೆ ಸೌತೆ ನೀರು ಬಿಟ್ಟು ಸಾರಾಗುತ್ತೆ. ಬೆಳಿಗ್ಗೆಗೆ ಉಳಿಸಬೇಡಿ, ಈ ಸೆಖೆಗೆ ಹಳಸುತ್ತೆ.