ಮನೆವಾರ್ತೆ: ಕೋವಿಯ ನಳಿಗೆಗೆ ಮೊದಲು ನೀರು, ಆಮೇಲೆ ಎಣ್ಣೆ

ಸೆಪ್ಟೆಂಬರ್ ಮೊದಲಲ್ಲಿ ಕೊಡಗಿನ ಬಂಧುಗಳಿಗೆ ಕೈಲ್‌ಪೊಳ್ದ್. ಅದಾದ ಕೆಲವು ವಾರಗಳಲ್ಲಿ ನಮಗೆಲ್ಲರಿಗೂ ಆಯುಧಪೂಜೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಆಯುಧವೆಂದರೆ ಈಳಿಗೆಮಣೆ, ಹೊಲಿಗೆಯ ಯಂತ್ರ, ಹೆಚ್ಚೆಂದರೆ ಸ್ಕೂಟರು. ಆದರೆ ಊರಿನ ಐನ್‌ಮನೆಯಲ್ಲಿ ಅಜ್ಜನ ಕಾಲದ ಕೋವಿಯುಳ್ಳ ಕುಟುಂಬಗಳೂ ನಮ್ಮ ವಾಚಕರಲ್ಲಿ ಉಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಿಗೆಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರವು ೨೦೧೯ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಹಬ್ಬಕ್ಕೆ ಕೋವಿಯನ್ನು ಒರೆಸಿ, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ರಜೆಯ ಮೇಲೆ ಊರಿಗೆ ಹೋದ ಹುಡುಗರು ಆ ಪಂದ್ಯಕ್ಕೆ ಇಳಿಯುವ ಮೊದಲು ತಿಳಿದಿರಬೇಕಾದ ಸಂಗತಿ ಇದು.

ಕೋವಿಯಲ್ಲಿ ಮದ್ದುಗುಂಡು ಇಲ್ಲವೆಂಬುದನ್ನು ಮೊದಲು ನೋಡಬೇಕು. ರೈಫಲಾದರೆ ಬೋಲ್ಟನ್ನು ತೆಗೆದಿಟ್ಟು, ಮಡಿಚುವ ಕೋವಿಯಾದರೆ ಮಡಿಚಿ, ಬುಡದ ಕಡೆಯಿಂದ ಬೆಳಕಿಗೆ ಹಿಡಿಯಿರಿ. ಆಚೆ ತುದಿಯ ಬೆಳಕು ದುಂಡಗೆ, ಪೂರ್ತಿಯಾಗಿ ಕಾಣಬೇಕು. ಬಾಯಿಂದ ಮದ್ದು ತುಂಬುವ ಹಳೆಯ ಕೋವಿಗೆ ಈ ಉಪಾಯ ನಡೆಯದು. ಅದಕ್ಕೆ ಸಲಾಕೆಯನ್ನು ತಳ ಮುಟ್ಟುವವರೆಗೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿಟ್ಟು ಅಳೆಯಬೇಕು. ಅಳತೆ ಬುಡದವರೆಗೆ ಬಾರದಿದ್ದರೆ ಒಳಗೆ ಏನೋ ಇದೆ, ಹಿರಿಯರನ್ನು ಕರೆಯಿರಿ. ಇಷ್ಟೆಲ್ಲ ಏಕೆಂದು ಕೇಳಬಹುದು. ವರ್ಷಗಟ್ಟಲೆ ಮೂಲೆಯಲ್ಲಿದ್ದ ನಳಿಗೆಯ ಬಾಯಲ್ಲಿ ಕಡಜವು ಮಣ್ಣಿನ ಗೂಡು ಕಟ್ಟುವುದುಂಟು. ಹಿಂದಿನ ಸಲ ಒರೆಸಿದ ಚಿಂದಿ ಸಿಕ್ಕಿಕೊಂಡಿರುವುದೂ ಉಂಟು. ಅಂಥ ಅಡ್ಡಿಯಿರುವಾಗ ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಇಲ್ಲವೆ ಸೀಳುತ್ತದೆ. ಹಿಡಿದವನ ಎಡಗೈ ಅದರ ಕೆಳಗೇ ಇರುತ್ತದಲ್ಲವೆ? ಹೂವನ್ನು ತೆಗೆಯಲೂ ಮರೆಯಬಾರದು. ಒಳಗಿನ ಹಳೆಯ ಎಣ್ಣೆಯನ್ನೂ ಒಣಬಟ್ಟೆಯಿಂದ ತೆಗೆದುಬಿಡಬೇಕು.

ಪಂದ್ಯ ಮುಗಿದ ಮೇಲಿನ ಕೆಲಸ ಅಂದೇ ಆಗತಕ್ಕದ್ದು. ಹಳೆಯ ತೋಟಾಗಳ ಕ್ಯಾಪಿನಲ್ಲಿ ಪೊಟಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಪೊಟಾಸಿಯಂ ಕ್ಲೋರೈಡ್. ನಮ್ಮ ಅಡಿಗೆಯ ಉಪ್ಪಿನ ದಾಯಾದಿ ಎನ್ನಿ. ಮಳೆಗಾಲದಲ್ಲಿ ಉಪ್ಪಿನ ಭರಣಿ ಹೇಗೆ ನೀರೊಡೆಯುವುದೆಂದು ಮುಂಬಯಿಯ ಗೃಹಿಣಿಗೆ ಹೇಳಬೇಕಾಗಿಲ್ಲ. ನಳಿಗೆಯೊಳಗೂ ಅದೇ ಕತೆ. ಉಪ್ಪು ಎಣ್ಣೆಯಲ್ಲಿ ಕರಗದು. ಆದುದರಿಂದ ಬರಿಯ ಎಣ್ಣೆ ಸವರಿಟ್ಟರೆ ಎಣ್ಣೆಯ ಅಡಿಯಲ್ಲಿಯೇ ತುಕ್ಕು ಹಿಡಿಯುತ್ತದೆ. .೩೦೩ ಲೀ-ಎನ್‌ಫೀಲ್ಡ್ ರೈಫಲಿನ ಕಾಲದ ಸಿಪಾಯಿಗಳು ಬುಡದಿಂದ ಕುದಿಯುವ ನೀರನ್ನೇ ಹೊಯ್ಯುತ್ತಿದ್ದರು. ಉಪ್ಪು ಕರಗಿ ಹೋಗುತ್ತಿತ್ತು. ಕಾದ ಉಕ್ಕು ತಾನೇ ಒಣಗುತ್ತಿತ್ತು. ಕರಿಮದ್ದಿನ ಕೋವಿಗೂ ಬಿಸಿನೀರೇ ಮದ್ದು, ಏಕೆಂದರೆ ಆ ಮದ್ದು ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಪಾಲು ಲವಣದ ಕಿಟ್ಟವಾಗಿ ಉಳಿಯುತ್ತದೆ. ಈಗಿನ ಕಾರ್ಖಾನೆಯ ತೋಟಾಗಳ ಕ್ಯಾಪಿನಲ್ಲಿ ಸಾಮಾನ್ಯವಾಗಿ ಈ ಉಪ್ಪಿನ ಕಾಟವಿಲ್ಲ. ಅವಕ್ಕೆ ಮಸಿ ತೆಗೆಯುವ ದ್ರವವೂ ಬಟ್ಟೆಯೂ ಸಾಕು.

ಲೀ-ಎನ್‌ಫೀಲ್ಡಿನ ಹಿಡಿಯ ಹಿಂದಿನ ಗೂಡಿನಲ್ಲಿ ಹಿತ್ತಾಳೆಯ ಎಣ್ಣೆಕುಪ್ಪಿ, ಪುಲ್-ಥ್ರೂ ಎಂಬ ಹಗ್ಗ ಇರುತ್ತಿದ್ದವು. ೪ ಅಂಗುಲ ಉದ್ದ, ೨ ಅಂಗುಲ ಅಗಲದ ಫ್ಲಾನೆಲ್ ತುಂಡನ್ನು ಹಗ್ಗಕ್ಕೆ ಸಿಕ್ಕಿಸಿ, ಬುಡದಿಂದ ಬಾಯಿಯ ಕಡೆಗೆ ಒಂದೇ ಎಳೆತದಲ್ಲಿ ಎಳೆಯಬೇಕು. ಹಗ್ಗ ಓರೆಯಾಗಿ ಬಾಯಿಯ ಅಂಚಿಗೆ ಉಜ್ಜಿದರೆ ಅಂಚು ಸವೆಯುತ್ತದೆ. ಗುಂಡು ನಳಿಗೆಯನ್ನು ಕಡೆಯದಾಗಿ ಮುಟ್ಟುವುದು ಅಲ್ಲಿಯೇ. ಒಂದು ಪಕ್ಕ ಸವೆದರೆ ಗುರಿ ಕೆಟ್ಟಿತು. ಅತಿ ಶ್ರದ್ಧೆಯಿಂದ ದಿನವೂ ತಿಕ್ಕುವವರೇ ಇಂಥ ಅಂಚುಗಳನ್ನು ಹಾಳುಮಾಡುವವರು ಎಂದರೆ ತಪ್ಪಾಗದು. ಕಬ್ಬಿಣದ ಸಲಾಕೆ ಬೇಡ. ಹಿತ್ತಾಳೆಯದೋ ಮರದ್ದೋ ಇರಲಿ.

ಒಣಗಿದ ಮೇಲೆ ತೆಳ್ಳಗೆ ಎಣ್ಣೆ. ಕೊಬ್ಬರಿ ಎಣ್ಣೆಯಲ್ಲ, ಅದು ಅಂಟಾಗುತ್ತದೆ. ಕೋವಿಗೆಂದೇ ಮಾರುವ ಖನಿಜ ತೈಲ. ಚರ್ಮದ ಚೀಲ ನೋಡಲು ಚೆನ್ನ, ಆದರೆ ತೇವವನ್ನು ಹಿಡಿದಿಡುತ್ತದೆ. ಕೋವಿಯನ್ನು ಅದರಲ್ಲಿ ಮಲಗಿಸಬೇಡಿ, ಗಾಳಿಯಾಡುವಂತೆ ಬೀಗದ ಬೀರುವಿನಲ್ಲಿ ನಿಲ್ಲಿಸಿ. ಮೂರನೆಯ ದಿನ ಇನ್ನೊಂದು ಬಿಳಿಬಟ್ಟೆ ಎಳೆದು ನೋಡಬೇಕು. ಅದು ಕಂದುಬಣ್ಣವಾಗಿ ಬಂದರೆ ಒಳಗೆ ತುಕ್ಕು ಮೊದಲಾಗಿದೆ, ಮತ್ತೆ ನೀರಿನಿಂದಲೇ ಆರಂಭ. ಎರಡೇ ದಿನದ ರಜೆಯಲ್ಲಿ ಹೋದವರು ಈ ಕೆಲಸವನ್ನು ಊರಲ್ಲಿರುವ ಅಣ್ಣನಿಗೋ ಚಿಕ್ಕಪ್ಪನಿಗೋ ಒಪ್ಪಿಸಿಯೇ ಬಸ್ಸು ಹತ್ತಬೇಕು.