ಬೇಸಿಗೆ ರಜೆಗೂ ಜಾತಿ ಇದೆ



ಏಪ್ರಿಲ್ ಬಂತು ಅಂದ್ರೆ ಸಾಕು, ಫೇಸ್‌ಬುಕ್ ತುಂಬ ಅಜ್ಜಿ ಮನೆ. ತೊಟ್ಟಿ ಮನೆ, ಜಗಲಿ, ಹಿತ್ತಲಿನ ಮಾವಿನ ಮರ, ಮೂರು ತಲೆಮಾರು ಸಾಲಾಗಿ ಕೂತು ಬಾಳೆ ಎಲೇಲಿ ಊಟ, ಸಂಜೆ ಎಲ್ಲರೂ ಕೂಡಿ ಸಮುದ್ರದ ದಂಡೆಗೆ. ಕೆಳಗೆ ನೂರಾರು ಕಮೆಂಟು: ಆ ದಿನಗಳು ಈಗೆಲ್ಲಿ!

ಆ ದಿನಗಳು ನಮಗೆ ಯಾವತ್ತು ಇದ್ವು? ನಮ್ಮ ಅಜ್ಜಿಯರು ಬೇಸಿಗೇಲಿ ಇಟ್ಟಿಗೆ ಗೂಡಿನ ಹತ್ರ, ಕಾಫಿ ತೋಟದ ಲೈನ್ ಮನೇಲಿ ಇರ್ತಿದ್ರು. ಮೊಮ್ಮಕ್ಕಳು ರಜಕ್ಕೆ ಹೋದ್ರೆ ಕೂಲಿಗೆ ಎರಡು ಕೈ ಜಾಸ್ತಿ ಆಯ್ತು ಅಂತ ಲೆಕ್ಕ. ಹಾಗಾಗಿ ಈ ಅಜ್ಜಿ ಮನೆ ಪೋಸ್ಟುಗಳನ್ನ ನಾನು ಬರೀ ನೆನಪು ಅಂತ ಓದಲ್ಲ. ಅದರ ಹಿಂದೆ ಒಂದು ಜಮೀನಿದೆ, ಆ ಜಮೀನಿಗೆ ಒಂದು ಪಹಣಿ ಇದೆ, ಆ ಪಹಣಿ ತಲೆಮಾರಿಂದ ತಲೆಮಾರಿಗೆ ಯಾರ ಹೆಸರಿಗೆ ದಾಟಿದೆ ಅನ್ನೋದೂ ಇದೆ. ರಜೆ ಅನ್ನೋದು ಭೂಮಿ ಪ್ರಶ್ನೆ. ಭೂಮಿ ಅನ್ನೋದು ಈ ದೇಶದಲ್ಲಿ ಜಾತಿ ಪ್ರಶ್ನೆ.

ಇದು ನಮ್ಮ ಹೊಟ್ಟೆಕಿಚ್ಚಿನ ಮಾತು ಅನ್ನೋರಿಗಾಗಿ ಅಮೆರಿಕದ ಎರಡು ಮನೆಗಳ ಕಥೆ ಹೇಳ್ತೀನಿ. ಎರಡೂ ಸಮುದ್ರದ ಬದಿಯವು. ಎರಡೂ ಕಪ್ಪು ಜನರವು. ಎರಡಕ್ಕೂ ಒಂದೇ ಇಸವಿ, 1912.

ಮೊದಲನೇದು ಪೂರ್ವ ಕರಾವಳಿಯ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಓಕ್ ಬ್ಲಫ್ಸ್ ಊರಿನಲ್ಲಿದೆ. ಚಾರ್ಲ್ಸ್ ಶಿಯರರ್ ವರ್ಜೀನಿಯಾದಲ್ಲಿ ಗುಲಾಮರಾಗಿ ಹುಟ್ಟಿದವರು. ಅವರೂ ಹೆಂಡತಿ ಹೆನ್ರಿಯೆಟ್ಟಾ ಅವರೂ 1903ರಲ್ಲಿ ಅಲ್ಲಿ ಮನೆ ತಗೊಂಡ್ರು. ಹೆನ್ರಿಯೆಟ್ಟಾ ರಜಕ್ಕೆ ಬರೋ ಬಿಳಿಯರ ಬಟ್ಟೆ ಒಗೆಯೋ ಲಾಂಡ್ರಿ ನಡೆಸಿದ್ರು. 1912ರಲ್ಲಿ ಆ ಮನೆಯೇ ವಸತಿಗೃಹ ಆಯ್ತು. ಬೇರೆ ಕಡೆ ರೂಮು ಸಿಗದ ಕಪ್ಪು ಜನ ಬೇಸಿಗೇಲಿ ಅಲ್ಲಿಗೆ ಬಂದ್ರು. ಬಂದವರಲ್ಲಿ ಕೆಲವರು ಅದೇ ಊರಲ್ಲಿ ಸಣ್ಣ ಸಣ್ಣ ಮನೆ ಕೊಂಡ್ರು. ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಪ್ರತಿ ಬೇಸಿಗೆ ಅದೇ ಮನೆಗೆ, ಅದೇ ಸಮುದ್ರಕ್ಕೆ ಬರ್ತಾ ಬಂದ್ರು. ಅಲ್ಲಿನ ಇಂಕ್‌ವೆಲ್ ಅನ್ನೋ ದಂಡೇಲಿ 1946ರಿಂದ ಬೆಳಗಿನ ಹೊತ್ತು ಸೇರಿ ಈಜೋ ಒಂದು ಗುಂಪಿದೆ. ಇಂಕ್‌ವೆಲ್ ಅಂದ್ರೆ ಮಸಿ ಕುಡಿಕೆ. ಜನರ ಮೈಬಣ್ಣ ಹಿಡಿದು ಆಡಿಕೊಂಡ ಹೆಸರನ್ನೇ ಅವರು ಎದೆ ಮೇಲೆ ಹಾಕ್ಕೊಂಡ್ರು. ಹೊಲಗೇರಿ ಅನ್ನಿಸಿಕೊಂಡ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಎರಡನೇದು ಪಶ್ಚಿಮ ಕರಾವಳಿಯ ಕಥೆ. ಲಾಸ್ ಏಂಜಲೀಸ್ ಹತ್ರದ ಮ್ಯಾನ್‌ಹಟನ್ ಬೀಚ್. ವಿಲ್ಲಾ ಬ್ರೂಸ್ ಅನ್ನೋ ಹೆಣ್ಣುಮಗಳು 1912ರಲ್ಲಿ 1,225 ಡಾಲರ್ ಕೊಟ್ಟು ಸಮುದ್ರದ ಎದುರಿಗೇ ಜಾಗ ತಗೊಂಡ್ರು. ಗಂಡ ಚಾರ್ಲ್ಸ್ ರೈಲಿನ ಊಟದ ಬೋಗೀಲಿ ಅಡುಗೆ ಕೆಲಸ ಮಾಡ್ತಿದ್ದವರು. ಇಬ್ಬರೂ ಸೇರಿ ಅಲ್ಲಿ ಊಟದ ಅಂಗಡಿ, ಬಟ್ಟೆ ಬದಲಿಸೋ ಕೋಣೆ, ಕುಣಿಯೋಕೆ ಒಂದು ಹಾಲ್ ಮಾಡಿದ್ರು. ಭಾನುವಾರ ಕಪ್ಪು ಕುಟುಂಬಗಳು ಮಕ್ಕಳು ಮರಿ ಸಮೇತ ಬರೋರು.

ಅಕ್ಕಪಕ್ಕದವರಿಗೆ ತಡೀಲಿಲ್ಲ. ಬಂದವರು ಅರ್ಧ ಮೈಲಿ ಸುತ್ತಿ ನೀರಿಗೆ ಹೋಗೋ ಹಾಗೆ ದಾರಿಗೆ ಹಗ್ಗ ಕಟ್ಟಿದ್ರು. ಹತ್ತೇ ನಿಮಿಷ ಗಾಡಿ ನಿಲ್ಲಿಸಬೇಕು ಅಂತ ಸುಳ್ಳು ಬೋರ್ಡು ಹಾಕಿದ್ರು. ಅಷ್ಟಕ್ಕೂ ಜನ ಜಗ್ಗಲಿಲ್ಲ. ಕಡೆಗೆ 1924ರಲ್ಲಿ ನಗರಸಭೆ ಭೂಸ್ವಾಧೀನದ ಅಸ್ತ್ರ ತೆಗೀತು. ಕಾರಣ ಏನು ಗೊತ್ತಾ? ಪಾರ್ಕ್ ಮಾಡ್ತೀವಿ! ಬ್ರೂಸ್ ದಂಪತಿ 1,20,000 ಡಾಲರ್ ಕೇಳಿದ್ರು, ಸಿಕ್ಕಿದ್ದು 14,500. ಆಮೇಲೆ ಆ ಜಾಗ ದಶಕಗಟ್ಟಲೆ ಖಾಲಿ ಬಿತ್ತು. ಸ್ವಂತ ಹೋಟೆಲಿನ ಒಡೆಯರಾಗಿದ್ದ ಗಂಡ ಹೆಂಡತಿ ಮತ್ತೆ ಬೇರೆಯವರ ಅಡುಗೆಮನೆಗೆ ಕೆಲಸಕ್ಕೆ ಹೋದ್ರು.

‘ಸಾರ್ವಜನಿಕ ಉದ್ದೇಶ’ ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಈ ಖಾಲಿ ಪಾರ್ಕ್ ನೆನಪಾಗುತ್ತೆ. ಅವರಿಗೆ ಬೇಕಿದ್ದದ್ದು ಪಾರ್ಕಲ್ಲ. ಕಪ್ಪು ಜನ ಅಲ್ಲಿ ಇರಬಾರದಿತ್ತು, ಅಷ್ಟೇ.

ಇನ್ನೊಂದು ಇಸವಿ ನೋಡಿ, 1927. ಆ ವರ್ಷ ಅದೇ ದಂಡೇಲಿ ಸಮುದ್ರಕ್ಕಿಳಿದ ತಪ್ಪಿಗೆ ಕಪ್ಪು ಯುವಜನರನ್ನ ಪೊಲೀಸರು ಹಿಡಿದ್ರು. ಅದೇ ವರ್ಷ ಮಾರ್ಚ್ 20ಕ್ಕೆ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದ್ರು. ಸಮುದ್ರದ ನೀರು ಯಾರೂ ಕುಡಿಯಲ್ಲ, ಮಹಾಡಿನ ಜನರೂ ಬರೀ ಬಾಯಾರಿಕೆಗೆ ಅಲ್ಲಿಗೆ ಹೋಗಿರಲಿಲ್ಲ. ನೀರಿನ ಬಳಿ ನಿಲ್ಲೋ ಹಕ್ಕು ಮನುಷ್ಯ ಅನ್ನಿಸಿಕೊಂಡವನಿಗೆ ಇರಬೇಕು ಅನ್ನೋದು ಎರಡೂ ಕಡೆಯ ಜಗಳ. ಸಂವಿಧಾನದ 15(2)ನೇ ವಿಧಿ ಓದಿ. ಬಾವಿ, ಕೆರೆ ಜೊತೆಗೆ ಸ್ನಾನಘಟ್ಟ, ಹೋಟೆಲು, ಮನರಂಜನೆಯ ಜಾಗ ಎಲ್ಲಾ ಅದರಲ್ಲಿದೆ. ಮನರಂಜನೆ ಕೂಡ! ನಮ್ಮ ಸಂವಿಧಾನ ನಮ್ಮನ್ನ ಬರೀ ಹಸಿದ ಹೊಟ್ಟೆ ಅಂದುಕೊಂಡಿಲ್ಲ.

ಆದ್ರೆ ವಾಸ್ತವ ಹೇಗಿದೆ? ಹೋದ ವರ್ಷ ಮಕ್ಕಳನ್ನ ಕರಾವಳಿಗೆ ಕರ್ಕೊಂಡು ಹೋಗೋಣ ಅಂತ ಒಂದು ಹೋಂಸ್ಟೇಗೆ ಫೋನ್ ಮಾಡಿದೆ. ಹೆಸರು ಕೇಳಿದ್ರು, ಊರು ಕೇಳಿದ್ರು, ಆಮೇಲೆ ಮೆತ್ತಗೆ ‘ನೀವು ಯಾವ ಪೈಕಿ?’ ಅಂದ್ರು. ಹೇಳಿದೆ. ರೂಮು ಖಾಲಿ ಇಲ್ಲ ಅಂದ್ರು. ಹತ್ತು ನಿಮಿಷ ಬಿಟ್ಟು ನಮ್ಮ ಆಫೀಸಿನ ಗೌಡ್ರ ಕೈಲಿ ಮಾಡಿಸಿದೆ. ಅದೇ ತಾರೀಕಿಗೆ ಎರಡು ರೂಮು ಸಿಕ್ತು. ಅಲ್ಲಿ ಯಾರೂ ಹಗ್ಗ ಕಟ್ಟಿರಲಿಲ್ಲ, ಬೋರ್ಡು ಹಾಕಿರಲಿಲ್ಲ. ಒಂದು ಮೆತ್ತನೆ ಪ್ರಶ್ನೆ ಸಾಕಾಯ್ತು.

ಇಲ್ಲಿ ನಮ್ಮ ಸಂಗಾತಿಗಳಿಗೂ ಒಂದು ಮಾತು. ‘ಹೊಟ್ಟೆಗಿಲ್ಲದ ಜನಕ್ಕೆ ಬೀಚು, ರಜೆ ಎಲ್ಲಾ ಯಾಕೆ, ಅದೆಲ್ಲ ಮಧ್ಯಮವರ್ಗದ ತೆವಲು’ ಅಂತ ಮೀಟಿಂಗಲ್ಲಿ ಹೇಳೋರಿದ್ದಾರೆ. ಅಣ್ಣಾ, ವೈಸ್‌ರಾಯ್ ಮಂಡಳೀಲಿ ಕಾರ್ಮಿಕ ಸದಸ್ಯರಾಗಿದ್ದಾಗ ಬಾಬಾಸಾಹೇಬರು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, 1945ರಲ್ಲಿ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಸಂಬಳ ಸಹಿತ ರಜೆ ಕೊಡಿಸಿದ್ರು. ಹಸಿವು ಏನು ಅಂತ ಅವರಿಗೆ ಗೊತ್ತಿರಲಿಲ್ವಾ? ವಿರಾಮ ಇಲ್ಲದವನನ್ನ ದುಡಿಯೋ ದನ ಮಾಡೋದು ಸುಲಭ ಅನ್ನೋದೂ ಗೊತ್ತಿತ್ತು. ಊರು ಗುಡಿಸೋ ನಮ್ಮಕ್ಕ ತಂಗಿಯರಿಗೆ ಹಬ್ಬದ ಮಾರನೇ ದಿನ ಕೆಲಸ ದುಪ್ಪಟ್ಟು. ಎಲ್ಲರ ರಜೆಯ ಕಸ ಅವರ ಪಾಲಿಗೆ. ಅವರಿಗೆ ಸಂಬಳದ ರಜೆ ಬೇಕು ಅಂತ ಕೇಳೋದು ತೆವಲಾ?

ಈಗ ಬ್ರೂಸ್ ಕುಟುಂಬದ ಕಥೆಯ ಉಳಿದ ಭಾಗ. 2020ರ ಹೊತ್ತಿಗೆ ಕ್ಯಾವನ್ ವಾರ್ಡ್ ಅನ್ನೋ ಕಪ್ಪು ಹೋರಾಟಗಾರ್ತಿ ಮತ್ತು ಸಂಗಾತಿಗಳು ಆ ಜಾಗ ವಾಪಸ್ ಕೊಡಿ ಅಂತ ಬೀದಿಗಿಳಿದ್ರು. 2021ರಲ್ಲಿ ಕ್ಯಾಲಿಫೋರ್ನಿಯಾ ಅದಕ್ಕಾಗಿಯೇ ಒಂದು ಕಾನೂನು ಮಾಡ್ತು. 2022ರಲ್ಲಿ ಮರಿಮಕ್ಕಳ ಕೈಗೆ ಜಾಗದ ಪತ್ರ ಬಂತು. ಮಾರನೇ ವರ್ಷ ಕುಟುಂಬ ಅದನ್ನ ಕೌಂಟಿಗೇ ಸುಮಾರು 2 ಕೋಟಿ ಡಾಲರ್‌ಗೆ ಮಾರಿತು. 14,500 ಎಲ್ಲಿ, 2 ಕೋಟಿ ಎಲ್ಲಿ! ನಡುವೆ ಕಳೆದುಹೋದ ಆಸ್ತಿಯ ಜೊತೆಗೆ ಅಷ್ಟೂ ವರ್ಷದ ಬೇಸಿಗೆಗಳೂ ಹೋದ್ವು. ಅದಕ್ಕೆ ಯಾವ ಪರಿಹಾರವೂ ಇಲ್ಲ.

‘ನೋಡಿದ್ರಾ, ಕೊಟ್ರೆ ಮಾರ್ಕೋತಾರೆ’ ಅಂತ ನಮ್ಮಲ್ಲೂ ಕೇಳಿ ಬರೋ ಮಾತು ಬಂದೇ ಬರುತ್ತೆ. ಬೆಲೆ ಗೊತ್ತಿದ್ದು, ಪತ್ರ ಕೈಲಿದ್ದು ಮಾರೋದು ಒಡೆಯನ ಹಕ್ಕು. ಆಸ್ಪತ್ರೆ ಖರ್ಚಿಗೆ, ಮಗಳ ಮದುವೆಗೆ ಅಂತ ನಮ್ಮ ತಾತಂದಿರ ಹೆಬ್ಬೆಟ್ಟು ಒತ್ತಿಸಿಕೊಂಡು ಮಂಜೂರಿ ಜಮೀನು ಬರೆಸಿಕೊಂಡದ್ದು ಬೇರೆ. ಆ ಹೆಬ್ಬೆಟ್ಟಿನ ವಿರುದ್ಧವೇ 1978ರ ಪಿಟಿಸಿಎಲ್ ಕಾಯ್ದೆ ಬಂದದ್ದು. ಆದ್ರೆ 2017ರಲ್ಲಿ ಸುಪ್ರೀಂ ಕೋರ್ಟ್ ‘ಸಮಂಜಸ ಅವಧಿಯೊಳಗೆ ಕೇಳಬೇಕಿತ್ತು’ ಅಂದಮೇಲೆ ತಡವಾಯ್ತು ಅನ್ನೋ ಒಂದೇ ಕಾರಣಕ್ಕೆ ಎಷ್ಟೋ ಅರ್ಜಿಗಳು ಬಿದ್ದುಹೋದ್ವು. ನಮ್ಮೋರು ಹೋರಾಡಿ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತಂದ್ರು. ಹಾಗಿದ್ರೂ ವಿಳಂಬದ ವಾದ ಇನ್ನೂ ಸತ್ತಿಲ್ಲ. ಅಮೆರಿಕದಲ್ಲಿ 98 ವರ್ಷ ಆದ್ಮೇಲೂ ಕಿತ್ಕೊಂಡ ಭೂಮಿ ವಾಪಸ್ ಬಂತು. ಓದು ಬರಹ ಇಲ್ಲದ ಮುದುಕಿಗೆ ಇಲ್ಲಿ ಇಪ್ಪತ್ತು ಮೂವತ್ತು ವರ್ಷಕ್ಕೇ ‘ತಡ ಮಾಡಿದೆ’ ಅಂತೀರಲ್ಲ, ಸ್ವಾಮಿ? ಅವಳಿಗೆ ಕಾನೂನು ಇದೆ ಅಂತ ಯಾರು ಹೇಳಿದ್ರು?

ಹಾಗಾಗಿ ಬಂಧುಗಳೇ, ಈ ಬೇಸಿಗೇಲಿ ಎರಡು ಕೆಲಸ ಮಾಡಿ. ಮಕ್ಕಳನ್ನ ಸಮುದ್ರಕ್ಕೆ ಕರ್ಕೊಂಡು ಹೋಗಿ. ಜಾತಿ ಕೇಳಿ ರೂಮು ಇಲ್ಲ ಅಂದ್ರೆ ಸುಮ್ಮನೆ ಬರಬೇಡಿ, ತಾರೀಕು, ಟೈಮು, ನಂಬರು ಬರೆದಿಟ್ಟುಕೊಂಡು ದೂರು ಕೊಡಿ. ಹಾಗೇ ಊರಿಗೂ ಹೋಗಿ. ಅಜ್ಜಿಯ ಟ್ರಂಕು ತೆಗೆಸಿ ಸಾಗುವಳಿ ಚೀಟಿ ಇದೆಯಾ ಹುಡುಕಿ. ಇಲ್ಲದಿದ್ರೆ ತಾಲ್ಲೂಕು ಕಚೇರೀಲಿ ಮಂಜೂರಾತಿ ದಾಖಲೆಯ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಹಳೇ ಪಹಣಿ, ಮ್ಯುಟೇಶನ್ ತೆಗೆಸಿ. ಕೈ ತಪ್ಪಿದ ಮಂಜೂರಿ ಜಮೀನು ಅಂತ ಗೊತ್ತಾದ್ರೆ ಎ.ಸಿ. ಕಚೇರೀಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೇ ಹೊರಗೆ ಬನ್ನಿ. ಕಾಗದ ಓದೋಕೆ, ಅರ್ಜಿ ಬರೆಯೋಕೆ ತೊಡಕಾದ್ರೆ ಇನ್‌ಬಾಕ್ಸ್‌ಗೆ ಬನ್ನಿ, ಕೂತು ಬರೆದುಕೊಡ್ತೀನಿ. ಗುಮಾಸ್ತಗಿರಿ ಕಲಿತದ್ದು ಇದಕ್ಕಾದ್ರೂ ಆಗಲಿ.

ಜೈಭೀಮ್.