ತುರಿಕೆಗೆ ಮುಲಾಮು, ಕಾಮಾಲೆಗೆ ಬರೆ

ಚನ್ನಗಿರಿಯಲ್ಲಿ ಸದಸ್ಯತ್ವದ ಚೀಟಿ ಪುಸ್ತಕ ಹಿಡಿದು ನಾವು ಕುಳಿತಿದ್ದಾಗ ಅಡಿಕೆ ಸುಲಿಯುವ ಕೆಲಸದವರೊಬ್ಬರು ಸಹಿ ಹಾಕಲು ಕೈ ಚಾಚಿದರು. ಬೆರಳೆಲ್ಲ ಚೊಗರಿನಿಂದ ಕಪ್ಪಾಗಿತ್ತು. ಅದು ಆ ಸೀಮೆಯಲ್ಲಿ ಹೊಸದಲ್ಲ. ಆದರೆ ಹಿಂಗೈಯ ಮೇಲೆ ನೀರುಗುಳ್ಳೆ ಎದ್ದು ಒಡೆದ ಗಾಯಗಳು, ಹಳೆಯ ಗಾಯದ ಬಿಳಿ ಮಚ್ಚೆಗಳು. ಕೇಳಿದರೆ, "ಚೊಗರಿನದು ಸ್ವಾಮಿ, ಬಿಸಿಲಿಗೆ ಹೋದರೆ ಜಾಸ್ತಿ" ಎಂದರು. ಎರಡು ವರ್ಷದಿಂದ ಮೂರು ಬಗೆಯ ಮುಲಾಮು ಹಚ್ಚಿದ್ದರು. ಕೊನೆಗೆ ನಗರದ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿದಾಗ ತಿಳಿದದ್ದು, ರೋಗ ಇದ್ದದ್ದು ಕೈಯಲ್ಲಿ ಅಲ್ಲ, ಯಕೃತ್ತಿನಲ್ಲಿ. ಹೆಪಟೈಟಿಸ್ ಸಿ ಎಂಬ ವೈರಾಣು.

ರಾಜಕೀಯದ ಪತ್ರಿಕೆಗೆ ತುರಿಕೆಯ ಮಾತೇಕೆ ಎಂದು ಕೆಲವು ಓದುಗರು ಕೇಳಬಹುದು. ದುಡಿಯುವವನ ಮೈಮೇಲೆ ಕಾಣುವುದನ್ನು ಸಹ ನೋಡದ ರಾಜಕೀಯ ಯಾತಕ್ಕೆ ಎಂದು ನಾವು ಮರುಪ್ರಶ್ನೆ ಕೇಳುತ್ತೇವೆ.

ಯಕೃತ್ತಿಗೆ ನಮ್ಮ ಹಿರಿಯರು ಈಲಿ ಎನ್ನುತ್ತಾರೆ. ಅದನ್ನು ಕೆಡಿಸುವ ಮುಖ್ಯ ವೈರಾಣುಗಳು ಐದು. ಎ ಮತ್ತು ಇ ಕೊಳಕು ನೀರಿನಿಂದ ಬರತಕ್ಕವು. 1955-56ರಲ್ಲಿ ದೆಹಲಿಯಲ್ಲಿ ಚರಂಡಿಯ ನೀರು ಯಮುನೆಯ ಕುಡಿಯುವ ನೀರಿಗೆ ಸೇರಿ ಸುಮಾರು 29 ಸಾವಿರ ಮಂದಿಗೆ ಕಾಮಾಲೆ ಬಂದಿತ್ತು. ಅದು ಇ ವೈರಾಣುವಿನ ಕೆಲಸವೆಂದು ಬಹುಕಾಲದ ನಂತರ ಗೊತ್ತಾಯಿತು. ಬಿ ಮತ್ತು ಸಿ ಬೇರೆ ಜಾತಿ. ಇವು ರಕ್ತದ ಮೂಲಕ ಬರುತ್ತವೆ: ಒಬ್ಬರಿಗೆ ಚುಚ್ಚಿದ ಸೂಜಿಯಿಂದ, ಪರೀಕ್ಷಿಸದ ರಕ್ತದಿಂದ, ತಾಯಿಯಿಂದ ಮಗುವಿಗೆ, ಬಿ ಸಂಭೋಗದಿಂದಲೂ ಉಂಟು. ಡಿ ಎಂಬುದು ಬಿ ಇದ್ದವರಿಗೆ ಮಾತ್ರ ಅಂಟುವ ಬಾಲಂಗೋಚಿ. ಎ, ಇ ಬಂದರೆ ಕಣ್ಣು ಹಳದಿಯಾಗಿ ಕೆಲವು ವಾರದಲ್ಲಿ ಬಹುಪಾಲು ಮಂದಿಗೆ ತಾನಾಗಿ ಇಳಿಯುತ್ತದೆ. ಬಿ, ಸಿ ಸದ್ದಿಲ್ಲದೆ ಇಪ್ಪತ್ತು ಮೂವತ್ತು ವರ್ಷ ಒಳಗೇ ಕುಳಿತು ಯಕೃತ್ತನ್ನು ಕಲ್ಲಾಗಿಸಬಲ್ಲವು. ಅಷ್ಟು ವರ್ಷ ಹೊರಗೆ ಏನೂ ಕಾಣದವರೇ ಹೆಚ್ಚು. ಕಂಡವರಲ್ಲಿ ಕೆಲವರಿಗೆ ಮೊದಲು ಕಾಣುವುದು ಚರ್ಮದ ಮೇಲೆ.

ಚನ್ನಗಿರಿಯ ಆ ಕೈಯನ್ನೇ ತೆಗೆದುಕೊಳ್ಳಿ. ಯಕೃತ್ತು ಕೆಟ್ಟು ರಕ್ತದ ಬಣ್ಣ ತಯಾರಾಗುವ ದಾರಿಯಲ್ಲಿ ಅಡಚಣೆಯಾದಾಗ ಪೋರ್ಫಿರಿನ್ ಎಂಬ ವಸ್ತು ಚರ್ಮದಲ್ಲಿ ಶೇಖರವಾಗುತ್ತದೆ. ಬಿಸಿಲು ತಗುಲಿದೊಡನೆ ಅದು ಉರಿಯುತ್ತದೆ, ಹಿಂಗೈ ಚರ್ಮ ಹಪ್ಪಳದಂತೆ ಸುಲಿಯುತ್ತದೆ. ಸಿ ವೈರಾಣು ಇರುವವರಲ್ಲಿ, ಅದರಲ್ಲೂ ಹೆಂಡ ಕುಡಿಯುವವರಲ್ಲಿ, ಇದು ಬರುವುದುಂಟು. ಕಣದಲ್ಲಿ ಬಿಸಿಲಿಗೆ ಮೈಯೊಡ್ಡಿ ದುಡಿಯುವವನು ಚೊಗರನ್ನು ಬೈಯದೆ ಇನ್ನೇನು ಮಾಡಿಯಾನು?

ಇನ್ನೊಂದು, ಕಾಲಿನದು. ಅಕ್ಕಿ ಗಿರಣಿಯಲ್ಲಿ, ಮಂಡಕ್ಕಿ ಭಟ್ಟಿಯಲ್ಲಿ, ಅಂಗಡಿಯ ಗಲ್ಲಾದ ಮುಂದೆ ಹತ್ತು ಗಂಟೆ ನಿಂತವರ ಮೊಣಕಾಲಿನ ಕೆಳಗೆ ಕೆಂಪು-ನೇರಳೆ ಚುಕ್ಕೆಗಳು ಏಳುತ್ತವೆ. ಒತ್ತಿದರೆ ಮಾಯವಾಗುವುದಿಲ್ಲ, ಕೈಗೆ ಉಬ್ಬಾಗಿ ತಾಕುತ್ತವೆ. ಕೀಲು ನೋವು, ಸುಸ್ತು, ಪಾದ ಜೋಮು ಹಿಡಿಯುವುದು ಜೊತೆಗಿರಬಹುದು. "ನಿಂತು ನಿಂತು ಹೀಗಾಗಿದೆ" ಎಂದು ಎಣ್ಣೆ ತಿಕ್ಕುತ್ತಾರೆ. ಸಿ ವೈರಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರೋಟೀನುಗಳು ಗಂಟುಕಟ್ಟಿ ಸಣ್ಣ ರಕ್ತನಾಳಗಳಲ್ಲಿ ಉರಿಯೂತ ಎಬ್ಬಿಸಿದಾಗಲೂ ಹೀಗೆಯೇ ಆಗುತ್ತದೆ. ಇದೇ ವಿಕಾರ ಮೂತ್ರಪಿಂಡವನ್ನೂ ಹಿಡಿಯಬಲ್ಲದು. ಆದ್ದರಿಂದ ಇದನ್ನು ಹಗುರವಾಗಿ ಎಣಿಸಕೂಡದು.

ಮಣಿಕಟ್ಟಿನಲ್ಲಿ, ಮುಂಗಾಲಿನಲ್ಲಿ ನೇರಳೆ ಬಣ್ಣದ ಚಪ್ಪಟೆ ಗುಳ್ಳೆ, ವಿಪರೀತ ತುರಿಕೆ, ಬಾಯೊಳಗೆ ಕೆನ್ನೆಯ ಮೇಲೆ ಬಿಳಿಯ ಜಾಲರಿ: ಇದಕ್ಕೆ ಲೈಕೆನ್ ಪ್ಲೇನಸ್ ಎಂಬ ಹೆಸರು. ಎಲೆ ಅಡಿಕೆ ಹಾಕುವ ನಾಡಿನಲ್ಲಿ ಬಾಯಿಯ ಬಿಳಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿ ವೈರಾಣು ಹೊಸದಾಗಿ ಹಿಡಿದಾಗ, ಕಣ್ಣು ಹಳದಿಯಾಗುವುದಕ್ಕೆ ಮೊದಲೇ, ಕೆಲವರಿಗೆ ಮೈಯೆಲ್ಲ ದದ್ದೆದ್ದು ಕೀಲು ಹಿಡಿಯುತ್ತದೆ. ಬದನೆಕಾಯಿಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತೇವೆ. ಮಕ್ಕಳ ಕೆನ್ನೆ, ಕೈಕಾಲುಗಳಲ್ಲಿ ಏಳುವ ಒಂದು ಬಗೆಯ ಗುಳ್ಳೆಯನ್ನು 1955ರಲ್ಲಿ ಮಿಲಾನಿನ ಡಾಕ್ಟರ್ ಜಾನೊಟ್ಟಿ ವರ್ಣಿಸಿದರು; ಬಿ ವೈರಾಣು ಅದರ ಒಂದು ಕಾರಣವೆಂದು ನಂತರ ತಿಳಿಯಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪತ್ರಿಕೆ ಓದಿದೊಡನೆ ತುರಿಸಿಕೊಳ್ಳುವವರೆಲ್ಲ ತಮಗೆ ಹೆಪಟೈಟಿಸ್ ಬಂತೆಂದು ಹೆದರಬೇಕಾಗಿಲ್ಲ. ನಮ್ಮಲ್ಲಿ ತುರಿಕೆಗೆ ಕಜ್ಜಿ, ಹುಳುಕಡ್ಡಿಗಳೇ ಬಹುಪಾಲು ಕಾರಣ. ಲೈಕೆನ್ ಪ್ಲೇನಸ್‌ಗೂ ಸಿ ವೈರಾಣುವಿಗೂ ಇಟಲಿ, ಜಪಾನುಗಳಲ್ಲಿ ಬಲವಾದ ನಂಟು ಕಂಡಿದೆ, ಇಂಗ್ಲೆಂಡಿನಲ್ಲಿ ಹಾಗೆ ಕಂಡಿಲ್ಲ. ನಾವು ಹೇಳುವುದು ಇಷ್ಟೆ: ತಿಂಗಳುಗಟ್ಟಲೆ ವಾಸಿಯಾಗದ, ಮೇಲೆ ಹೇಳಿದಂಥ ಗುರುತುಗಳಿದ್ದರೆ, ನಾಲ್ಕನೆಯ ಟ್ಯೂಬು ಕೊಳ್ಳುವ ಮೊದಲು ರಕ್ತ ಪರೀಕ್ಷೆಯಾಗಲಿ. ಸ್ಟಿರಾಯ್ಡ್ ಬೆರೆತ 14 ಬಗೆಯ ಚರ್ಮದ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲೇ ಕೇಂದ್ರ ಸರ್ಕಾರ ಕಟ್ಟಳೆ ಮಾಡಿದೆ. ಔಷಧದ ಅಂಗಡಿಯ ಮಿತ್ರರು ನಮ್ಮ ಓದುಗರಲ್ಲೂ ಇದ್ದಾರೆ. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದು ಅವರಿಗೆ ಕಷ್ಟವೆಂದು ಬಲ್ಲೆವು. ಆದರೂ ಕಳಿಸಲಿ.

ಇನ್ನು ಬರೆ ಹಾಕುವ ಮಾತು. ಕಾಮಾಲೆ ಬಂದವನ ಕೈಗೆ ಕಾದ ಕಬ್ಬಿಣದ ಬರೆ ಎಳೆಯುವ ಪದ್ಧತಿ ನಮ್ಮ ಸೀಮೆಯಿಂದ ಹೋಗಿಲ್ಲ. ಪಿತ್ತ ರಕ್ತಕ್ಕೆ ಸೇರಿ ಅಂಗೈ ಅಂಗಾಲು ರಾತ್ರಿಯೆಲ್ಲ ತುರಿಸುವವನಿಗೆ ಮೇಲೊಂದು ಸುಟ್ಟ ಗಾಯ. "ಬರೆ ಹಾಕಿಸಿದೆವು, ಇಳಿಯಿತು" ಎಂದು ಪ್ರಮಾಣ ಮಾಡಿ ಹೇಳುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ತಾನಾಗಿ ಇಳಿಯುವ ಎ, ಇ ಕಾಮಾಲೆ ಬರೆ ಹಾಕಿದರೂ ಇಳಿಯುತ್ತದೆ. ಶ್ರೇಯಸ್ಸು ಮಾತ್ರ ಕಬ್ಬಿಣಕ್ಕೆ. ಬಿ ಇದ್ದವನಿಗೂ ಕಣ್ಣಿನ ಹಳದಿ ಹೋದರೆ ರೋಗ ಹೋಯಿತೆಂದು ಕೈಬಿಡುತ್ತಾರಲ್ಲ, ಅಪಾಯ ಅಲ್ಲಿದೆ.

ನೆಲನೆಲ್ಲಿಯ ಕಥೆ ಇದಕ್ಕಿಂತ ಗೌರವದ್ದು. ಹೊಲದ ಬದುವಿನ ಆ ಗಿಡವನ್ನು ನಾವು ಹಳ್ಳಿಯ ಮೌಢ್ಯವೆಂದು ನಗೆಯಾಡುವುದಿಲ್ಲ. ಬಿ ವೈರಾಣುವನ್ನು ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದ ಬ್ಲೂಂಬರ್ಗ್, ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರ ಜೊತೆಗೂಡಿ ಅದನ್ನೇ ಪರೀಕ್ಷಿಸಿದರು. 1988ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಗಿಡದ ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಬಿ ವೈರಾಣುವಿನ ಗುರುತು ಹೋಗಿತ್ತು. ದೇಶವೇ ಹಿಗ್ಗಿತು. ನಂತರ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ನಮ್ಮ ಗಿಡವೆಂಬ ಅಭಿಮಾನಕ್ಕಾಗಿ ಫಲವಿಲ್ಲದ್ದನ್ನು ಫಲವೆನ್ನಲು ಬರುವುದಿಲ್ಲ.

ಬಿ, ಸಿ ಹರಡಿದ್ದರಲ್ಲಿ ಚಿಕಿತ್ಸೆಯ ಹೆಸರಿನ ಸೂಜಿಯ ಪಾಲೂ ದೊಡ್ಡದು. ಈಜಿಪ್ಟಿನಲ್ಲಿ 1950ರ ದಶಕದಿಂದ 1980ರ ಆರಂಭದವರೆಗೆ ನೈಲ್ ಕಣಿವೆಯ ರೈತರಿಗೆ ಹುಳುವಿನ ರೋಗ ಹೋಗಲೆಂದು ಸರ್ಕಾರವೇ ಸಾಮೂಹಿಕವಾಗಿ ಚುಚ್ಚುಮದ್ದು ಹಾಕಿಸಿತು. ಗಾಜಿನ ಸಿರಿಂಜುಗಳನ್ನು ಸರಿಯಾಗಿ ಕುದಿಸದೆ ಒಬ್ಬರಿಂದ ಒಬ್ಬರಿಗೆ ಬಳಸಿದ್ದರಿಂದ ಸಿ ವೈರಾಣು ಹಳ್ಳಿ ಹಳ್ಳಿಗೆ ಹೋಯಿತು. ನಮ್ಮ ದೇಶದಲ್ಲಿ 2009ರಲ್ಲಿ ಗುಜರಾತಿನ ಮೊಡಾಸದಲ್ಲಿ ಬಳಸಿದ ಸಿರಿಂಜುಗಳಿಂದ ಬಿ ಹಬ್ಬಿ ಹತ್ತಾರು ಜನ ಸತ್ತರು. ಹೊನ್ನಾಳಿಯಾಗಲಿ ಜಗಳೂರಾಗಲಿ, ಜ್ವರ ಬಂದರೆ "ಒಂದು ಸೂಜಿ ಹಾಕಿ" ಎಂದು ನಾವೇ ಕೇಳುತ್ತೇವೆ. ಮಾತ್ರೆ ಕೊಟ್ಟ ಡಾಕ್ಟರನ್ನು ದಡ್ಡನೆನ್ನುತ್ತೇವೆ. ಹೊಸ ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರಿಗೆ ಒಡೆಯಬೇಕು. ಕ್ಷೌರದ ಬ್ಲೇಡು, ಜಾತ್ರೆಯ ಹಚ್ಚೆಯ ಸೂಜಿಗೂ ಇದೇ ನಿಯಮ.

ಚಿಕಿತ್ಸೆಯೇ ಚರ್ಮವನ್ನು ಕೆಡಿಸುತ್ತಿದ್ದ ಕಾಲವೊಂದಿತ್ತು. ಸಿ ವೈರಾಣುವಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ರಿಬಾವಿರಿನ್ ಮಾತ್ರೆಯನ್ನು ಆರು ತಿಂಗಳಿಂದ ಒಂದು ವರ್ಷ ಕೊಡುತ್ತಿದ್ದರು. ಚುಚ್ಚಿದಲ್ಲಿ ಹುಣ್ಣು, ಕೂದಲುದುರು, ಮೈಯೆಲ್ಲ ಒಣಗಿ ತುರಿಕೆ. ಸೋರಿಯಾಸಿಸ್ ಇದ್ದವರಿಗೆ ಅದು ಉಲ್ಬಣ. 2011ರಲ್ಲಿ ಬಂದ ಟೆಲಪ್ರೆವಿರ್ ತಿಂದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ದದ್ದೆದ್ದಿತು. ಆ ಹೆದರಿಕೆ ಇನ್ನೂ ಜನರ ಬಾಯಲ್ಲಿದೆ, ಈಗ ಅದಕ್ಕೆ ಕಾರಣವಿಲ್ಲ. ಇಂದು ಸೊಫೊಸ್‌ಬುವಿರ್ ಮತ್ತು ಅದರ ಜೊತೆಯ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ ನುಂಗಿದರೆ ನೂರಕ್ಕೆ 90ಕ್ಕೂ ಮೇಲ್ಪಟ್ಟು ಮಂದಿಗೆ ವೈರಾಣು ಪೂರ್ತಿ ಹೋಗುತ್ತದೆ. ಬಹುಪಾಲು ಜನರಲ್ಲಿ ಕಾಲಿನ ಆ ನೇರಳೆ ಚುಕ್ಕೆಗಳೂ ಇಳಿಯುತ್ತವೆ. ಮಾತ್ರೆ ಆರಂಭಿಸುವ ಮೊದಲು ಬಿ ಇದೆಯೇ ಎಂದು ನೋಡತಕ್ಕದ್ದು, ಯಾತಕ್ಕೆಂದರೆ ಸಿ ಹೋಗುವಾಗ ಮಲಗಿದ್ದ ಬಿ ಏಳಬಹುದು. ಬಿಗೆ ಪೂರ್ತಿ ಗುಣ ಮಾಡುವ ಮಾತ್ರೆ ಇಲ್ಲ, ಹತೋಟಿಯಲ್ಲಿಡುವ ಮಾತ್ರೆ ಉಂಟು. ಅದಕ್ಕಿಂತ ಮಿಗಿಲಾಗಿ, ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಹಾಕತಕ್ಕ ಲಸಿಕೆ ಉಂಟು, ಧರ್ಮಾರ್ಥವಾಗಿ.

ಈ ಸೊಫೊಸ್‌ಬುವಿರ್ ಅಮೆರಿಕದಲ್ಲಿ 2013ರ ಕೊನೆಗೆ ಮಾರಾಟಕ್ಕೆ ಬಂದಾಗ ಒಂದು ಮಾತ್ರೆಗೆ 1,000 ಡಾಲರು, 12 ವಾರಕ್ಕೆ 84,000 ಡಾಲರು. ಆಗಿನ ಲೆಕ್ಕಕ್ಕೆ ಐವತ್ತು ಲಕ್ಷ ರೂಪಾಯಿ. ಲಿವರ್‌ಪೂಲಿನ ಆಂಡ್ರ್ಯೂ ಹಿಲ್ ಮತ್ತು ಸಂಗಡಿಗರು 2014ರಲ್ಲಿ ಲೆಕ್ಕ ಹಾಕಿ, ಅಷ್ಟೂ ಮಾತ್ರೆ ತಯಾರಿಸಲು 68ರಿಂದ 136 ಡಾಲರು ಸಾಕೆಂದು ತೋರಿಸಿದರು. ಉಳಿದದ್ದು ಯಾವ ಹೆಸರಿನ ಲಾಭವೆಂದು ಗಿರಣಿಯ ಕೂಲಿಕಾರನಿಗೆ ನಾವು ವಿವರಿಸಬೇಕಾಗಿಲ್ಲ. 2015ರ ಮಾರ್ಚಿಯಲ್ಲಿ ಹೈದರಾಬಾದಿನ ಕಂಪನಿಯೊಂದು 28 ಮಾತ್ರೆಯ ಡಬ್ಬಿಗೆ 19,900 ರೂಪಾಯಿ ಬೆಲೆ ಕಟ್ಟಿತು. ಸ್ಪರ್ಧೆಯಲ್ಲಿ ಅದೂ ಬಹಳ ಇಳಿಯಿತು. 1970ರ ಪೇಟೆಂಟ್ ಕಾನೂನಿನ ಆಸರೆಯಲ್ಲಿ ಈ ದೇಶ ಅಗ್ಗದ ಔಷಧ ಮಾಡುವುದನ್ನು ಕಲಿಯದೆ ಇದ್ದಿದ್ದರೆ ಇದು ಆಗುತ್ತಿತ್ತೇ?

2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಬಿ, ಸಿ ಪರೀಕ್ಷೆಯೂ ಔಷಧವೂ ಉಚಿತ. ಒಳ್ಳೆಯ ಕೆಲಸ, ಮಾಡಿದವರು ಯಾರಾದರೂ ನಾವು ಒಳ್ಳೆಯದೆನ್ನುತ್ತೇವೆ. ಆದರೆ ಈ ಮಾತು ಗಿರಣಿಯ ಬಾಗಿಲಿಗೆ ಬಂದಿದೆಯೆ? ನಾವು ಕೇಳಿದವರಲ್ಲಿ ಇದು ಉಚಿತವೆಂದು ಬಲ್ಲವರು ಬೆರಳೆಣಿಕೆಯಷ್ಟು. ಜಗಳೂರಿನಿಂದ, ಚನ್ನಗಿರಿಯಿಂದ ದಾವಣಗೆರೆ ಐವತ್ತು ಕಿಲೋಮೀಟರಿನ ಆಸುಪಾಸು. ನ್ಯಾಮತಿಯವರಿಗೆ ಶಿವಮೊಗ್ಗವೇ ಹತ್ತಿರ, ಕಾಗದ ಮಾತ್ರ ದಾವಣಗೆರೆ ಜಿಲ್ಲೆಯದು. ಈಜಿಪ್ಟ್ ತಾನು ಮಾಡಿದ ತಪ್ಪಿಗೆ 2018-19ರಲ್ಲಿ ಏಳು ತಿಂಗಳಲ್ಲಿ ಸುಮಾರು 5 ಕೋಟಿ ಜನರ ರಕ್ತ ನೋಡಿ, ಸಿಕ್ಕವರಿಗೆ ಪುಕ್ಕಟೆ ಮಾತ್ರೆ ಕೊಟ್ಟಿತು. ನಾವು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ನಾಲ್ಕೂ ತಾಲ್ಲೂಕುಗಳಲ್ಲಿ ವಾರಕ್ಕೊಂದು ದಿನ, ಸಂತೆಯ ದಿನವೇ ಆಗಲಿ, ಬಿ ಮತ್ತು ಸಿ ಪರೀಕ್ಷೆ ನಡೆಯಬೇಕು. ತಿಂಗಳ ಮಾತ್ರೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು. ಚರ್ಮದ ರೋಗವೆಂದು ಬಂದವರಲ್ಲಿ ಗುರುತು ಕಂಡವರನ್ನು ಅಲ್ಲಿಂದಲೇ ಪರೀಕ್ಷೆಗೆ ಕಳಿಸಬೇಕು.

ಗಿರಣಿಯ ಮಾಲೀಕರಿಗೂ ಒಂದು ಮಾತು. ಬಿ, ಸಿ ವೈರಾಣು ಒಂದೇ ಲೋಟದ ನೀರಿನಿಂದ, ಪಕ್ಕದಲ್ಲಿ ಕುಳಿತು ಉಂಡರೆ, ಕೈ ಮುಟ್ಟಿದರೆ ಅಂಟುವುದಿಲ್ಲ. ಮೈಮೇಲೆ ಕಲೆ ಕಂಡಿತೆಂದು ಕೆಲಸದಿಂದ ಬಿಡಿಸಿದ ಒಂದು ಪ್ರಸಂಗ ನಮ್ಮ ಗಮನಕ್ಕೆ ಬಂದಿದೆ. ಹೆಸರು ಹೇಳುವುದಿಲ್ಲ, ಮಾತುಕತೆ ನಡೆದಿದೆ.

ಚನ್ನಗಿರಿಯ ಆ ಗೆಳೆಯರು 84 ದಿನದ ಮಾತ್ರೆ ಮುಗಿಸಿ, ಮೂರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟರು. ವೈರಾಣು ಇಲ್ಲವೆಂದು ಬಂತು. ಔಷಧಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ನಗರಕ್ಕೆ ಹೋದದ್ದು ಏಳು ಸಲ, ಅಷ್ಟೂ ದಿನದ ಕೂಲಿ ಹೋಯಿತು, ಸುಗ್ಗಿಯಲ್ಲಿ.